ಸಣ್ಣ ಎಂಜಿನಿಯರಿಂಗ್ ವಿಭಾಗದ ಗುಣಮಟ್ಟ ಪರಿಶೀಲನೆ: ಉತ್ತರ ಪತ್ರಿಕೆಯಿಂದ ಕಡತದ ಕಡೆಗೆ

ವಿಶ್ವವಿದ್ಯಾಲಯವೊಂದು ತಾನೇ ನಡೆಸುವ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗವನ್ನು ಕಲ್ಪಿಸಿಕೊಳ್ಳಿ. ವರ್ಷಕ್ಕೆ 60 ಸೀಟುಗಳ ಒಂದೇ ಬಿ.ಇ. ಕೋರ್ಸು, ಒಂಬತ್ತು ಮಂದಿ ಅಧ್ಯಾಪಕರು, ಅವರಲ್ಲಿ ಮೂವರು ಅತಿಥಿ ಉಪನ್ಯಾಸಕರು, ನಾಲ್ಕು ಪ್ರಯೋಗಾಲಯಗಳಿಗೆ ಇಬ್ಬರೇ ಇನ್‌ಸ್ಟ್ರಕ್ಟರುಗಳು. ಇಂಥ ವಿಭಾಗದ ಗುಣಮಟ್ಟ ಪರಿಶೀಲಿಸಿ ವರದಿ ಕೊಡಿ ಎಂದು ಕುಲಪತಿಗಳ ಕಚೇರಿಯಿಂದ ಪತ್ರ ಬಂದಾಗ, ಸಮಿತಿಯ ಸದಸ್ಯರು ಮೊದಲು ಕೇಳುವುದು ಕಡತಗಳನ್ನು. ವಿಭಾಗದವರು ಹದಿನೈದು ದಿನ ಪಾಠ ಬದಿಗಿಟ್ಟು ಕಡತ ಜೋಡಿಸುತ್ತಾರೆ, ಸಮಿತಿಯವರು ಒಂದು ದಿನ ಅವುಗಳ ಪುಟ ತಿರುವುತ್ತಾರೆ, ಮಧ್ಯಾಹ್ನದ ಊಟವಾದ ಮೇಲೆ ಪ್ರಯೋಗಾಲಯಗಳಲ್ಲಿ ಒಂದು ಸುತ್ತು ಹಾಕಿ ಹೊರಡುತ್ತಾರೆ. ವಿಭಾಗದಲ್ಲಿ ಕಲಿಕೆ ನಡೆಯುತ್ತಿದೆಯೇ ಎಂಬ ಪ್ರಶ್ನೆಗೆ ಈ ಕ್ರಮದಲ್ಲಿ ಉತ್ತರ ಸಿಗುವುದನ್ನು ನಾನು ಕಂಡಿಲ್ಲ.

ಇಲ್ಲಿ ಹೇಳುತ್ತಿರುವ ಕ್ರಮ ಇದಕ್ಕೆ ತಿರುಗುಮುರುಗು. ವಿದ್ಯಾರ್ಥಿಗಳು ತಮ್ಮ ಕೈಯಿಂದ ಬರೆದದ್ದನ್ನು, ಅಳೆದದ್ದನ್ನು, ಕಟ್ಟಿದ್ದನ್ನು ಮೊದಲು ಓದಬೇಕು. ಅಲ್ಲಿ ಕಂಡದ್ದಕ್ಕೆ ಕಾರಣ ಹುಡುಕಿಕೊಂಡು ಆಮೇಲೆ ಕಡತಕ್ಕೆ ಹೋಗಬೇಕು. ದೊಡ್ಡ ವಿಭಾಗದಲ್ಲಿ ಇದು ಕಷ್ಟ. ಸಣ್ಣ ವಿಭಾಗದಲ್ಲಿ ಎಲ್ಲ ಅಧ್ಯಾಪಕರೊಡನೆಯೂ ಮಾತನಾಡಬಹುದು, ಎಲ್ಲ ಪ್ರಯೋಗಾಲಯಗಳನ್ನೂ ನಡೆಯುತ್ತಿರುವಾಗಲೇ ನೋಡಬಹುದು. ಎರಡೂವರೆ ದಿನ ಸಾಕು.

ಮೊದಲ ಹಂತ: ಏಕೆ, ಎಷ್ಟು, ಯಾವಾಗ

ಪರಿಶೀಲನೆಯ ಉದ್ದೇಶವನ್ನು ಒಂದೇ ಪುಟದಲ್ಲಿ ಬರೆಸಿಕೊಳ್ಳದೆ ಕೆಲಸ ಆರಂಭಿಸಬೇಡಿ. ಎನ್‌ಬಿಎ ಎಂದು ಎಲ್ಲರೂ ಕರೆಯುವ ರಾಷ್ಟ್ರೀಯ ಮಾನ್ಯತಾ ಮಂಡಳಿಗೆ ಅರ್ಜಿ ಹಾಕುವ ಮುನ್ನ ನಡೆಸುವ ಪೂರ್ವಸಿದ್ಧತೆ ಒಂದು ಬಗೆಯದು. ಕೋರ್ಸು ಮುಂದುವರಿಸಬೇಕೇ ಬೇಡವೇ ಎಂಬ ತೀರ್ಮಾನಕ್ಕಾಗಿ ನಡೆಸುವ ಪರಿಶೀಲನೆ ಬೇರೆಯೇ ಬಗೆಯದು. ಎರಡನ್ನೂ ಒಂದೇ ಸಮಿತಿಗೆ ಹೊರಿಸಿದರೆ ಅಧ್ಯಾಪಕರು ಬಾಯಿ ಬಿಡುವುದಿಲ್ಲ, ಏಕೆಂದರೆ ತಾವು ಒಪ್ಪಿಕೊಂಡ ಕೊರತೆಯೇ ನಾಳೆ ವಿಭಾಗ ಮುಚ್ಚಲು ಕಾರಣವಾದೀತು ಎಂಬ ಭಯ ಅವರಿಗಿರುತ್ತದೆ. ಆದ್ದರಿಂದ ಈ ವರದಿಯನ್ನು ಯಾವುದಕ್ಕೆ ಬಳಸಲಾಗುತ್ತದೆ, ಯಾವುದಕ್ಕೆ ಬಳಸುವುದಿಲ್ಲ ಎಂಬುದನ್ನು ಕುಲಸಚಿವರ ಸಹಿಯೊಂದಿಗೆ ವಿಭಾಗಕ್ಕೆ ಮೊದಲೇ ತಿಳಿಸಬೇಕು.

ಅವಧಿ ಕಳೆದ ಮೂರು ಶೈಕ್ಷಣಿಕ ವರ್ಷಗಳದ್ದಾಗಿರಲಿ. ಭೇಟಿಯನ್ನು ಸಮ ಸೆಮಿಸ್ಟರಿನ ಏಳರಿಂದ ಒಂಬತ್ತನೆಯ ವಾರದೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆ ಹೊತ್ತಿಗೆ ಮೊದಲ ಆಂತರಿಕ ಪರೀಕ್ಷೆ ಮುಗಿದಿರುತ್ತದೆ, ಪ್ರಾಕ್ಟಿಕಲ್‌ಗಳು ನಡೆಯುತ್ತಿರುತ್ತವೆ, ಅಂತಿಮ ವರ್ಷದ ಪ್ರಾಜೆಕ್ಟುಗಳು ಅರ್ಧ ದಾರಿಯಲ್ಲಿರುತ್ತವೆ. ಪರೀಕ್ಷೆಯ ಕಾಲದಲ್ಲೋ ರಜೆಯಲ್ಲೋ ಹೋದರೆ ಖಾಲಿ ಕೊಠಡಿಗಳನ್ನು ನೋಡಿ ಬರಬೇಕಾಗುತ್ತದೆ.

ಎರಡನೆಯ ಹಂತ: ಮೂವರ ಸಮಿತಿ

ಮೂವರು ಸಾಕು. ಒಬ್ಬರು ಬೇರೆ ವಿಶ್ವವಿದ್ಯಾಲಯದ, ಅದೇ ವಿಷಯದ ಅಧ್ಯಾಪಕರು. ಒಬ್ಬರು ಇದೇ ಕಾಲೇಜಿನ ಬೇರೆ ವಿಭಾಗದವರು, ಏಕೆಂದರೆ ಇಲ್ಲಿನ ಕಚೇರಿ ಹೇಗೆ ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಇನ್ನೊಬ್ಬರು ಸೈಟಿನಲ್ಲೋ ವಿನ್ಯಾಸ ಕಚೇರಿಯಲ್ಲೋ ಹತ್ತು ವರ್ಷ ಕೆಲಸ ಮಾಡಿ ಹೊಸ ಪದವೀಧರರನ್ನು ತಮ್ಮ ಕೈಕೆಳಗೆ ತೆಗೆದುಕೊಂಡಿರುವ ಎಂಜಿನಿಯರು. ವಿಭಾಗದ ಯಾರಿಗಾದರೂ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದವರು, ಅವರೊಡನೆ ಪರೀಕ್ಷಾ ಮಂಡಳಿಯಲ್ಲಿ ಪರಸ್ಪರ ಬಂದುಹೋಗುವವರು ಬೇಡ. ಒಂದೇ ವಿಷಯದ ಅಧ್ಯಾಪಕರು ಒಬ್ಬರಿಗೊಬ್ಬರು ಪರಿಚಿತರಾಗಿರುವುದು ನಮ್ಮಲ್ಲಿ ಸಹಜ. ಪರಿಚಯವನ್ನು ತಪ್ಪಿಸಲಾಗದಿದ್ದರೂ ಹಿತಾಸಕ್ತಿಯನ್ನು ತಪ್ಪಿಸಬಹುದು.

ಮೂರನೆಯ ಹಂತ: ಅಂಕಿಗಳನ್ನು ತರಿಸಿಕೊಂಡು ತಾವೇ ಲೆಕ್ಕ ಮಾಡುವುದು

ಭೇಟಿಗೆ ಮೂರು ವಾರ ಮೊದಲು ಕೆಲವೇ ದಾಖಲೆಗಳನ್ನು ಕೇಳಿ: ಪ್ರವೇಶ ಪಡೆದವರ ಪಟ್ಟಿ, ಸೆಮಿಸ್ಟರುವಾರು ಫಲಿತಾಂಶ, ಅಧ್ಯಾಪಕರ ಹೆಸರು, ಅರ್ಹತೆ ಮತ್ತು ಸೇರಿದ ದಿನಾಂಕ, ಈ ಸೆಮಿಸ್ಟರಿನ ವೇಳಾಪಟ್ಟಿ, ಮೂರು ವರ್ಷಗಳ ಖರ್ಚಿನ ಲೆಕ್ಕ. ಶೇಕಡಾವಾರು ಅಂಕಿಗಳನ್ನು ಅವರಿಂದ ಕೇಳಬೇಡಿ. ತಲೆಗಳ ಎಣಿಕೆ ತರಿಸಿಕೊಂಡು ಶೇಕಡಾವನ್ನು ನೀವೇ ಹಾಕಿ.

ಇದಕ್ಕೆ ಕಾರಣವಿದೆ. ಒಂದು ತಂಡದಲ್ಲಿ ಮೊದಲ ವರ್ಷಕ್ಕೆ 48 ಮಂದಿ, ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷಕ್ಕೆ ನೇರವಾಗಿ 7 ಮಂದಿ, ಒಟ್ಟು 55 ಮಂದಿ ಸೇರಿದರು ಎಂದುಕೊಳ್ಳೋಣ. ಇವರಲ್ಲಿ ಒಂದೂ ಬ್ಯಾಕ್‌ಲಾಗ್ ಇಲ್ಲದೆ ನಿಗದಿತ ಅವಧಿಯಲ್ಲಿ ಮುಗಿಸಿದವರು 24. ಬ್ಯಾಕ್‌ಲಾಗ್ ತೀರಿಸಿಕೊಂಡು ಅದೇ ಅವಧಿಯಲ್ಲಿ ಮುಗಿಸಿದವರು 17. ಇನ್ನೂ ವಿಷಯ ಉಳಿಸಿಕೊಂಡಿರುವವರು 9. ನಡುವೆ ಬಿಟ್ಟುಹೋದವರು 5. ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಕುಳಿತ 46 ಮಂದಿಯಲ್ಲಿ 41 ಮಂದಿ ಪದವಿಗೆ ಅರ್ಹರಾದರೆ ವಿಭಾಗ ಶೇ 89 ಎಂದು ಬರೆದುಕೊಳ್ಳುತ್ತದೆ. ಸೇರಿದವರನ್ನು ಆಧಾರವಾಗಿ ಇಟ್ಟುಕೊಂಡರೆ ಅದು ಶೇ 75ರ ಆಸುಪಾಸು. ಎಲ್ಲೂ ಎಡವದೆ ಮುಗಿಸಿದವರು ಶೇ 44 ಮಾತ್ರ. ಮೂರೂ ಅಂಕಿಗಳು ನಿಜವೇ. ಪರಿಶೀಲಕರಿಗೆ ಬೇಕಾದದ್ದು ಮೂರರ ನಡುವಿನ ಅಂತರ ಮತ್ತು ಆ ಅಂತರ ಯಾವ ಸೆಮಿಸ್ಟರಿನಲ್ಲಿ, ಯಾವ ವಿಷಯದಲ್ಲಿ ಹುಟ್ಟಿತು ಎಂಬುದು. ನೋಂದಣಿ ಸಂಖ್ಯೆ ಹಿಡಿದು ಒಬ್ಬೊಬ್ಬರನ್ನೇ ಹಿಂಬಾಲಿಸಿದರೆ ಒಂದು ಸಂಜೆಯಲ್ಲಿ ಇದು ತಿಳಿಯುತ್ತದೆ. ನಾನು ಕಂಡ ವಿಭಾಗಗಳಲ್ಲಿ ಬಹುಮಟ್ಟಿಗೆ ಎರಡನೆಯ ವರ್ಷದ ಗಣಿತ ಮತ್ತು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಈ ಎರಡರ ಬಳಿ ವಿದ್ಯಾರ್ಥಿಗಳು ಹಿಂದೆ ಬಿದ್ದಿರುತ್ತಾರೆ. ಡಿಪ್ಲೊಮಾದಿಂದ ಬಂದವರಿಗೆ ಗಣಿತದಲ್ಲಿ ಪೂರಕ ಪಾಠ ನಿಜವಾಗಿ ನಡೆಯಿತೇ, ವೇಳಾಪಟ್ಟಿಯಲ್ಲಿ ಮಾತ್ರ ಇತ್ತೇ ಎಂದು ಅಲ್ಲಿಯೇ ಗುರುತು ಹಾಕಿಕೊಳ್ಳಿ.

ಸಣ್ಣ ಸಂಖ್ಯೆಯ ಇನ್ನೊಂದು ತೊಡಕನ್ನು ಸದಾ ನೆನಪಿನಲ್ಲಿಡಬೇಕು. 28 ಮಂದಿಯ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎಂದರೆ ಶೇ 3.6. ಕಳೆದ ವರ್ಷ 21 ಮಂದಿಗೆ ಕೆಲಸ ಸಿಕ್ಕಿ ಈ ವರ್ಷ 18 ಮಂದಿಗೆ ಸಿಕ್ಕಿದರೆ ‘ಶೇ 75ರಿಂದ 64ಕ್ಕೆ ಕುಸಿತ’ ಎಂದು ವರದಿಯಲ್ಲಿ ಬರೆಯುವುದು ಸರಿಯಲ್ಲ. ಮೂವರಲ್ಲಿ ಇಬ್ಬರು ಎಂ.ಟೆಕ್. ಸೇರಿ ಒಬ್ಬರು ಮನೆಯ ಗುತ್ತಿಗೆ ಕೆಲಸ ನೋಡಿಕೊಳ್ಳುತ್ತಿರಬಹುದು. ಮೂರು ವರ್ಷಗಳನ್ನು ಒಟ್ಟುಗೂಡಿಸಿ ನೋಡಿ, ಅಂಕಿಯ ಪಕ್ಕದಲ್ಲಿ ಯಾವಾಗಲೂ ತಲೆಗಳ ಎಣಿಕೆಯನ್ನೂ ಬರೆಯಿರಿ.

ಅಧ್ಯಾಪಕರ ಲೆಕ್ಕಕ್ಕೂ ಇದೇ ಮಾತು. ಎರಡರಿಂದ ನಾಲ್ಕನೆಯ ವರ್ಷದವರೆಗೆ 180 ವಿದ್ಯಾರ್ಥಿಗಳ ಸ್ಥಾನಕ್ಕೆ 9 ಮಂದಿ ಇದ್ದರೆ ಅನುಪಾತ 20ಕ್ಕೆ 1, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಪದವಿ ಕೋರ್ಸಿಗೆ ಹೇಳಿರುವಷ್ಟೇ. ಒಬ್ಬರು ಬಿಟ್ಟರೆ 22.5 ಆಗುತ್ತದೆ. ಆದರೆ ಅನುಪಾತಕ್ಕಿಂತ ಹೆಚ್ಚು ಹೇಳುವ ಒಂದು ಕೋಷ್ಟಕವನ್ನು ನೀವೇ ಹಾಕಿಕೊಳ್ಳಬೇಕು: ಎಡಗಡೆ ವಿಷಯಗಳು, ಬಲಗಡೆ ಅದನ್ನು ಪಾಠ ಮಾಡಬಲ್ಲವರು. ಮಣ್ಣಿನ ಯಂತ್ರಶಾಸ್ತ್ರದ ಎದುರು ಒಂದೇ ಹೆಸರಿದ್ದು, ಅವರು ಮುಂದಿನ ವರ್ಷ ನಿವೃತ್ತರಾಗುವವರಾಗಿದ್ದರೆ, ವಿಭಾಗದ ಅತಿ ದೊಡ್ಡ ಅಪಾಯ ಅದೇ. ಯಾವ ಅನುಪಾತದಲ್ಲೂ ಅದು ಕಾಣುವುದಿಲ್ಲ.

ಪಾಠದ ಹೊರೆಯನ್ನು ವೇಳಾಪಟ್ಟಿಯಿಂದ ಎಣಿಸಿ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕರಿಗೆ 14 ಗಂಟೆಗಳ ನೇರ ಬೋಧನೆ. ಅದರ ಜೊತೆಗೆ ಪ್ಲೇಸ್‌ಮೆಂಟ್, ಎನ್ಎಸ್ಎಸ್, ಪರೀಕ್ಷಾ ಕೆಲಸ, ಮಾನ್ಯತೆಯ ಕಡತ, ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ಇವೆಲ್ಲ ಯಾರ ಹೆಗಲ ಮೇಲಿವೆ ಎಂದು ಕೇಳಿ. ದೊಡ್ಡ ವಿಭಾಗದಲ್ಲಿ ಮೂವತ್ತು ಮಂದಿ ಹಂಚಿಕೊಳ್ಳುವ ಕೆಲಸಗಳು ಇಲ್ಲಿ ಆರು ಮಂದಿ ಕಾಯಂ ಅಧ್ಯಾಪಕರ ಮೇಲೆ ಬೀಳುತ್ತವೆ. ಸಂಶೋಧನಾ ಪ್ರಬಂಧಗಳು ಕಡಿಮೆ ಎಂದು ಷರಾ ಬರೆಯುವ ಮುನ್ನ ಈ ಲೆಕ್ಕವನ್ನು ಮುಂದಿಟ್ಟುಕೊಳ್ಳುವುದು ನ್ಯಾಯ.

ನಾಲ್ಕನೆಯ ಹಂತ: ಉತ್ತರ ಪತ್ರಿಕೆಗಳ ಓದು

ಮೊದಲ ದಿನದ ಬೆಳಗಿನ ಹೊತ್ತನ್ನು ಪೂರ್ತಿಯಾಗಿ ಇದಕ್ಕೆ ಮೀಸಲಿಡಿ. ಸ್ವಾಗತ ಭಾಷಣ, ಪ್ರೆಸೆಂಟೇಷನ್‌ಗಳನ್ನು ಮಧ್ಯಾಹ್ನಕ್ಕೆ ತಳ್ಳಿದರೆ ಯಾರಿಗೂ ನಷ್ಟವಿಲ್ಲ.

ಎರಡು ವಿಷಯಗಳನ್ನು ಆರಿಸಿ: ಎರಡನೆಯ ವರ್ಷದ ಒಂದು ಮೂಲ ವಿಷಯ, ಮೂರು ಅಥವಾ ನಾಲ್ಕನೆಯ ವರ್ಷದ ಒಂದು ವಿನ್ಯಾಸದ ವಿಷಯ. ಪ್ರತಿಯೊಂದರಲ್ಲಿ ಆರು ಉತ್ತರ ಪತ್ರಿಕೆಗಳು. ಹೆಚ್ಚು ಅಂಕದ ಎರಡು, ನಡುವಿನ ಎರಡು, ಅಂಚಿನಲ್ಲಿ ತೇರ್ಗಡೆಯಾದ ಎರಡು. ಪತ್ರಿಕೆಗಳನ್ನು ನೀವೇ ಆರಿಸಬೇಕು, ವಿಭಾಗ ಆರಿಸಿ ಕೊಡಬಾರದು. ಅಂಚಿನವರ ಪತ್ರಿಕೆಯೇ ಹೆಚ್ಚು ಮುಖ್ಯವಾದದ್ದು, ಏಕೆಂದರೆ ಈ ವಿಭಾಗ ಎಷ್ಟು ಕಲಿತವರಿಗೆ ‘ಎಂಜಿನಿಯರ್’ ಎಂದು ಬರೆದುಕೊಡುತ್ತಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಬೀಮಿನ ವಿನ್ಯಾಸದಲ್ಲಿ ಸೂತ್ರಗಳೆಲ್ಲ ಸರಿಯಾಗಿದ್ದು, ಕೊನೆಯಲ್ಲಿ 230 ಮಿ.ಮೀ. ಅಗಲದ ಬೀಮಿಗೆ ಒಂದೇ ಸಾಲಿನಲ್ಲಿ 25 ಮಿ.ಮೀ.ನ ಎಂಟು ಸರಳುಗಳನ್ನು ಕೂರಿಸಿದ್ದರೆ, ಆ ವಿದ್ಯಾರ್ಥಿ ಅಂಕ ಪಡೆದಿರಬಹುದು, ಆದರೆ ಸರಳು ಕಟ್ಟುವುದನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಅಕ್ಕಪಕ್ಕ ಇಟ್ಟರೆ ಎಂಟು ಸರಳುಗಳಿಗೇ 200 ಮಿ.ಮೀ. ಬೇಕು, ಕಾಂಕ್ರೀಟು ಇಳಿಯಲು ಸಂದೇ ಉಳಿಯುವುದಿಲ್ಲ. ಮೌಲ್ಯಮಾಪಕರು ಅದರ ಮೇಲೆ ಒಂದು ಗೆರೆಯನ್ನಾದರೂ ಎಳೆದಿದ್ದಾರೆಯೇ ನೋಡಿ.

ಅದೇ ವಿಷಯದ ಐದು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಅಂಕಿ ಬದಲಿಸಿ ಅದೇ ಲೆಕ್ಕ ಮರಳುತ್ತಿದೆಯೇ, ‘ವಿವರಿಸಿ’, ‘ಪಟ್ಟಿ ಮಾಡಿ’ ಎಂಬುದನ್ನು ದಾಟಿ ಎರಡು ಪರಿಹಾರಗಳಲ್ಲಿ ಒಂದನ್ನು ಆರಿಸಿ ಸಮರ್ಥಿಸುವ ಪ್ರಶ್ನೆ ಎಲ್ಲಿಯಾದರೂ ಇದೆಯೇ ಎಂದು ಗುರುತಿಸಿ. ವಿಶ್ವವಿದ್ಯಾಲಯದ ವಿಭಾಗಕ್ಕೆ ತನ್ನದೇ ಅಧ್ಯಯನ ಮಂಡಳಿ ಇರುವುದರಿಂದ ‘ಪಠ್ಯಕ್ರಮ ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರವನ್ನು ಇಲ್ಲಿ ಒಪ್ಪಬೇಕಾಗಿಲ್ಲ.

ಆಂತರಿಕ ಅಂಕ ಮತ್ತು ಸೆಮಿಸ್ಟರ್ ಅಂತ್ಯದ ಅಂಕವನ್ನು ವಿದ್ಯಾರ್ಥಿವಾರು ಅಕ್ಕಪಕ್ಕ ಬರೆದು ನೋಡುವುದನ್ನು ಮರೆಯಬೇಡಿ. ಇಡೀ ತರಗತಿಗೆ ಆಂತರಿಕದಲ್ಲಿ 50ಕ್ಕೆ 42ರಿಂದ 48 ಇದ್ದು, ಅಂತಿಮ ಪರೀಕ್ಷೆಯಲ್ಲಿ 18ರಿಂದ 40ರವರೆಗೆ ಚದುರಿದ್ದರೆ, ಆಂತರಿಕ ಮೌಲ್ಯಮಾಪನ ಯಾರನ್ನೂ ಅಳೆಯುತ್ತಿಲ್ಲ. ಇದನ್ನು ಅಧ್ಯಾಪಕರ ಅಪ್ರಾಮಾಣಿಕತೆ ಎಂದು ಕೂಡಲೇ ತೀರ್ಮಾನಿಸಬೇಡಿ. ವಿದ್ಯಾರ್ಥಿ ಅಂಚಿನಲ್ಲಿ ಬಿದ್ದುಹೋಗದಿರಲಿ ಎಂಬ ಕಾಳಜಿಯೇ ಹಲವು ಸಲ ಇದರ ಹಿಂದಿರುತ್ತದೆ. ಆದರೂ ಹಿಂದೆ ಬಿದ್ದವರನ್ನು ಎಂಟನೆಯ ವಾರದಲ್ಲೇ ಗುರುತಿಸಿ ಕೈಹಿಡಿಯಬಹುದಾಗಿದ್ದ ಅವಕಾಶ ಇದರಿಂದ ತಪ್ಪುತ್ತದೆ.

ಐದನೆಯ ಹಂತ: ಕಲಿಕಾ ಫಲಿತಗಳ ಲೆಕ್ಕವನ್ನು ಕೆದಕುವುದು

ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದಲ್ಲಿ ಭಾರತ 2014ರ ಜೂನ್‌ನಲ್ಲಿ ಪೂರ್ಣ ಸದಸ್ಯ ರಾಷ್ಟ್ರವಾದ ಮೇಲೆ, ವಿದ್ಯಾರ್ಥಿ ಏನನ್ನು ಮಾಡಬಲ್ಲವನಾದ ಎಂಬುದರ ಮೇಲೆ ಕೋರ್ಸನ್ನು ಅಳೆಯುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬೇರೂರಿತು. ಎನ್‌ಬಿಎ ಬಹುಕಾಲ ಬಳಸಿದ ನಮೂನೆಯಲ್ಲಿ ಪದವೀಧರರಿಗೆ 12 ಕಾರ್ಯಕ್ರಮ ಫಲಿತಗಳು, ಅಂದರೆ ಕೋರ್ಸು ಮುಗಿಯುವ ಹೊತ್ತಿಗೆ ಬಂದಿರಬೇಕಾದ ಸಾಮರ್ಥ್ಯಗಳು, ಇದ್ದವು. ಪರಿಷ್ಕೃತ ನಮೂನೆಯಲ್ಲಿ ಅವು 11 ಆಗಿವೆ. ಆಶಯ ಒಳ್ಳೆಯದು, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆಚರಣೆಯಲ್ಲಿ ಮಾತ್ರ ಅದು ಎಕ್ಸೆಲ್ ಹಾಳೆಯೊಳಗೆ ಸಿಕ್ಕಿಬಿದ್ದಿದೆ.

ಪರೀಕ್ಷಿಸುವ ವಿಧಾನ ಸರಳ. ಒಂದು ವಿಷಯದ ಒಂದೇ ಒಂದು ಫಲಿತದ ಸಾಧನಾ ಮಟ್ಟವನ್ನು ಆರಿಸಿ, ಆ ವಿಷಯದ ಅಧ್ಯಾಪಕರನ್ನು ಕೂರಿಸಿಕೊಂಡು, ಮೂಲ ಅಂಕಪಟ್ಟಿಯಿಂದ ಅದನ್ನು ಮತ್ತೆ ಲೆಕ್ಕ ಮಾಡಿ ತೋರಿಸಲು ವಿನಂತಿಸಿ. ಅವರಿಂದ ಆಗದಿದ್ದರೆ ಆ ಹಾಳೆಯನ್ನು ಯಾರೋ ಒಬ್ಬರು ಇಡೀ ವಿಭಾಗಕ್ಕಾಗಿ ತುಂಬುತ್ತಿದ್ದಾರೆ ಎಂದು ತಿಳಿಯಬೇಕು. ಲೆಕ್ಕ ಸರಿಯಾಗಿ ಬಂದರೂ ಸಣ್ಣ ತರಗತಿಯ ತೊಡಕು ಉಳಿದೇ ಇರುತ್ತದೆ. ಶೇ 60 ಅಂಕದ ಗುರಿಯನ್ನು ಅರ್ಧದಷ್ಟು ವಿದ್ಯಾರ್ಥಿಗಳು ಮುಟ್ಟಿದರೆ ಮಟ್ಟ 1, ಶೇ 60ರಷ್ಟು ಮುಟ್ಟಿದರೆ ಮಟ್ಟ 2, ಶೇ 70ರಷ್ಟು ಮುಟ್ಟಿದರೆ ಮಟ್ಟ 3 ಎಂದು ವಿಭಾಗ ಇಟ್ಟುಕೊಂಡಿದೆ ಎನ್ನೋಣ. 30 ಮಂದಿಯಲ್ಲಿ 19 ಮಂದಿ ಮುಟ್ಟಿದರೆ ಮಟ್ಟ 2. 17 ಮಂದಿಯಾದರೆ ಮಟ್ಟ 1. ಇಬ್ಬರಿಗೆ ಆ ದಿನ ಜ್ವರ ಬಂದಿದ್ದರೂ ಮಟ್ಟ ಇಳಿಯುತ್ತದೆ, ಮತ್ತು ಅದಕ್ಕಾಗಿ ವಿಭಾಗ ‘ಸುಧಾರಣಾ ಕ್ರಮ’ ಬರೆಯಬೇಕಾಗುತ್ತದೆ. ಆದ್ದರಿಂದ ಒಂದು ವರ್ಷದ ಏರಿಳಿತಕ್ಕೆ ಬೆಲೆ ಕೊಡಬೇಡಿ. ಯಾವ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟರು, ಅದನ್ನು ಕಂಡ ಅಧ್ಯಾಪಕರು ಮರುವರ್ಷ ಪಾಠದಲ್ಲಿ ಏನನ್ನು ಬದಲಿಸಿದರು ಎಂಬುದನ್ನಷ್ಟೇ ಕೇಳಿ. ಅದಕ್ಕೆ ತಡವರಿಸದೆ ಉತ್ತರ ಕೊಡುವ ಅಧ್ಯಾಪಕರು ಇಬ್ಬರು ಸಿಕ್ಕರೂ ವಿಭಾಗದಲ್ಲಿ ಜೀವವಿದೆ.

ಆರನೆಯ ಹಂತ: ಪ್ರಯೋಗಾಲಯ

ಪ್ರಾಕ್ಟಿಕಲ್ ನಡೆಯುತ್ತಿರುವಾಗ ಹೋಗಿ, ಹಿಂದೆ ನಿಂತು ಇಪ್ಪತ್ತು ನಿಮಿಷ ಸುಮ್ಮನೆ ನೋಡಿ. ಯಂತ್ರದ ಮೇಲೆ ಎಷ್ಟು ಕೈಗಳಿವೆ, ಉಳಿದವರು ಏನು ಮಾಡುತ್ತಿದ್ದಾರೆ? ಹದಿನೈದು ಮಂದಿಯ ಬ್ಯಾಚಿನಲ್ಲಿ ಮೂವರು ಪ್ರಯೋಗ ಮಾಡಿ ಹನ್ನೆರಡು ಮಂದಿ ಅಂಕಿ ಬರೆದುಕೊಳ್ಳುತ್ತಿದ್ದರೆ ಅದನ್ನು ಹಾಗೆಯೇ ವರದಿಯಲ್ಲಿ ಬರೆಯಿರಿ.

ರೆಕಾರ್ಡ್ ಪುಸ್ತಕಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಕಾಂಕ್ರೀಟ್ ಘನದ ಒತ್ತಡ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 150 ಮಿ.ಮೀ. ಘನದ ಮುಖದ ವಿಸ್ತೀರ್ಣ 22,500 ಚದರ ಮಿ.ಮೀ.; 600 ಕಿಲೋನ್ಯೂಟನ್‌ನಲ್ಲಿ ಒಡೆದರೆ ಕಾಂಕ್ರೀಟಿನ ಬಲ ಚದರ ಮಿ.ಮೀ.ಗೆ 26.7 ನ್ಯೂಟನ್. ಒಂದೇ ಬ್ಯಾಚಿನವರ ರೆಕಾರ್ಡಿನಲ್ಲಿ ಒಂದೇ ಅಂಕಿ ಇರುವುದು ಸಹಜ, ಏಕೆಂದರೆ ಅವರು ಒಡೆದದ್ದು ಅದೇ ಘನಗಳನ್ನು. ಆದ್ದರಿಂದ ಬೇರೆ ಬ್ಯಾಚಿನ, ಕಳೆದ ವರ್ಷದ ರೆಕಾರ್ಡನ್ನು ಪಕ್ಕದಲ್ಲಿಟ್ಟು ನೋಡಬೇಕು. ಮೂರು ವರ್ಷವೂ ಅದೇ 26.7 ಬಂದಿದ್ದರೆ ಅದು ನಕಲು. ಹಾಗೆಯೇ ಒಂದೇ ಮಾದರಿಯ ಮೂರು ಘನಗಳು ಸ್ವಲ್ಪವೂ ವ್ಯತ್ಯಾಸವಿಲ್ಲದೆ ಒಡೆಯುವುದಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯೇ ಸರಾಸರಿಯಿಂದ ಶೇ 15ರವರೆಗಿನ ವ್ಯತ್ಯಾಸಕ್ಕೆ ಅವಕಾಶ ಕೊಟ್ಟಿದೆ. ಅಂಕಿಗಳು ಚದುರಿರುವ, ತಪ್ಪನ್ನು ಹೊಡೆದುಹಾಕಿ ಮತ್ತೆ ಬರೆದಿರುವ, ‘ಈ ಘನದ ಅಂಚು ಮುರಿದಿತ್ತು’ ಎಂದು ಷರಾ ಇರುವ ಅಬ್ಸರ್ವೇಶನ್ ಪುಸ್ತಕ ಸಿಕ್ಕರೆ ಅದನ್ನು ವಿಭಾಗದ ಪರವಾದ ಸಾಕ್ಷ್ಯವಾಗಿ ಎತ್ತಿಡಿ, ಅಕ್ಷರ ಎಷ್ಟೇ ಒರಟಾಗಿದ್ದರೂ ಸರಿ.

ಯಂತ್ರ ಸರಿಯಾಗಿ ಅಳೆಯುತ್ತದೆ ಎಂಬ ಮಾಪನಾಂಕ (ಕ್ಯಾಲಿಬ್ರೇಶನ್) ಪ್ರಮಾಣಪತ್ರದ ದಿನಾಂಕ, ಕೆಟ್ಟುನಿಂತ ದಿನ ಮತ್ತು ದುರಸ್ತಿಯಾದ ದಿನದ ನೋಂದಣಿ ಪುಸ್ತಕ, ಸಿಮೆಂಟು ಮರಳುಗಳ ಖರೀದಿ ಬಿಲ್ಲು ಇವನ್ನು ನೋಡಿ. ಒಂದು ಕಡೆ ದೊಡ್ಡ ಯಂತ್ರವೊಂದು ಎರಡು ವರ್ಷ ಹೊದಿಕೆಯ ಕೆಳಗೇ ಇತ್ತು. ಕಾರಣ ಕೇಳಿದಾಗ ಇನ್‌ಸ್ಟ್ರಕ್ಟರು ಕಪಾಟಿನಿಂದ ತಾವು ಬರೆದಿದ್ದ ಏಳು ಪತ್ರಗಳ ಪ್ರತಿ ತೆಗೆದು ತೋರಿಸಿದರು. ದುರಸ್ತಿಗೆ ಬೇಕಾದ ಹಣ ಹಣಕಾಸು ವಿಭಾಗದಲ್ಲಿ ಮೂರು ಸಲ ಹಿಂತಿರುಗಿತ್ತು. ಅವರನ್ನು ಅದಕ್ಕೆ ಮೊದಲು ಯಾವ ಸಮಿತಿಯೂ ಮಾತನಾಡಿಸಿರಲಿಲ್ಲ. ಲ್ಯಾಬ್ ಸಿಬ್ಬಂದಿಗೆ ಪ್ರತ್ಯೇಕವಾಗಿ ಅರ್ಧ ಗಂಟೆ ಕೊಡಿ.

ಪ್ರಾಜೆಕ್ಟುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನಾಲ್ವರ ತಂಡವನ್ನು ಕರೆದು, ಮಾರ್ಗದರ್ಶಕರಿಲ್ಲದೆ, ಪ್ರತಿಯೊಬ್ಬರಿಂದಲೂ ತಾವು ಮಾಡಿದ ಭಾಗವನ್ನು ಕಾಗದದ ಮೇಲೆ ಬರೆಸಿ ವಿವರಿಸಲು ಹೇಳಿ. ಕೊಂಡು ತಂದದ್ದಾದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಏಳನೆಯ ಹಂತ: ಮಾತುಕತೆ

ವಿದ್ಯಾರ್ಥಿಗಳನ್ನು ಎಂಟು ಮಂದಿಯ ಗುಂಪಾಗಿ, ಅಧ್ಯಾಪಕರಿಲ್ಲದ ಕೊಠಡಿಯಲ್ಲಿ ಭೇಟಿಯಾಗಿ. ಹೆಸರುಗಳನ್ನು ಹಾಜರಿ ಪುಸ್ತಕದಿಂದ ನೀವೇ ಆರಿಸಿ. ಡಿಪ್ಲೊಮಾದಿಂದ ಬಂದವರು, ಬ್ಯಾಕ್‌ಲಾಗ್ ಇರುವವರು, ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವರು, ಹೆಣ್ಣುಮಕ್ಕಳು ಎಲ್ಲರೂ ಇರಲಿ. ಮಾತು ಕನ್ನಡದಲ್ಲೇ ಆರಂಭವಾಗಲಿ. ಇಂಗ್ಲಿಷಿನಲ್ಲಿ ಕೇಳಿದಾಗ ತಲೆ ತಗ್ಗಿಸಿ ಕುಳಿತಿದ್ದ ಹುಡುಗನೊಬ್ಬ, ಅದೇ ಪ್ರಶ್ನೆಯನ್ನು ‘ಚಾವಣಿಯ ತೊಲೆ ನಡುವೆಯೇ ಯಾಕೆ ಬಾಗುತ್ತದಪ್ಪಾ?’ ಎಂದು ಕೇಳಿದಾಗ ಎದ್ದುಬಂದು ಬೋರ್ಡಿನ ಮೇಲೆ ಬೆಂಡಿಂಗ್ ಮೊಮೆಂಟ್ ಚಿತ್ರ ಬರೆದು ತೋರಿಸಿದ್ದು ನನಗೆ ಇಂದಿಗೂ ನೆನಪಿದೆ. ಅವನಿಗೆ ವಿಷಯ ಗೊತ್ತಿತ್ತು. ನಾವು ಅಳೆಯುತ್ತಿದ್ದದ್ದು ಬೇರೇನನ್ನೋ ಆಗಿತ್ತು.

‘ಪಾಠ ಚೆನ್ನಾಗಿದೆಯೇ?’ ಎಂದು ಕೇಳಿದರೆ ‘ಚೆನ್ನಾಗಿದೆ ಸರ್’ ಎಂಬ ಉತ್ತರ ಬರುತ್ತದೆ. ‘ಕಳೆದ ವಾರ ಯಾವ ತರಗತಿ ನಡೆಯಲಿಲ್ಲ?’, ‘ಅರ್ಥವಾಗದಿದ್ದಾಗ ಯಾರ ಹತ್ತಿರ ಹೋಗುತ್ತೀರಿ?’, ‘ಆಂತರಿಕ ಪರೀಕ್ಷೆಯ ಪತ್ರಿಕೆ ಎಷ್ಟು ದಿನಕ್ಕೆ ಕೈಗೆ ಬಂತು?’ ಎಂದು ಕೇಳಿದರೆ ವಿಷಯ ಹೊರಬರುತ್ತದೆ. ಎರಡನೆಯ ಪ್ರಶ್ನೆಗೆ ಹಲವರು ಒಂದೇ ಅಧ್ಯಾಪಕರ ಹೆಸರು ಹೇಳಿದರೆ ವಿಭಾಗವನ್ನು ಯಾರು ಹೊತ್ತುಕೊಂಡಿದ್ದಾರೆ ಎಂಬುದೂ ತಿಳಿಯುತ್ತದೆ.

ಅತಿಥಿ ಉಪನ್ಯಾಸಕರನ್ನು ಬೇರೆಯಾಗಿ ಭೇಟಿಯಾಗಬೇಕು. ಸೆಮಿಸ್ಟರ್ ಆರಂಭವಾಗಿ ಎಷ್ಟು ವಾರಗಳ ಮೇಲೆ ಅವರ ನೇಮಕದ ಆದೇಶ ಬಂತು, ಸಂಬಳ ಎಷ್ಟು ತಿಂಗಳಿಗೊಮ್ಮೆ ಸಿಗುತ್ತದೆ, ಅಧ್ಯಯನ ಮಂಡಳಿಯ ಚರ್ಚೆಗೆ ಅವರನ್ನು ಕರೆಯುತ್ತಾರೆಯೇ ಎಂದು ವಿಚಾರಿಸಿ. ಮೂರನೇ ಒಂದು ಭಾಗ ಪಾಠ ಮಾಡುವವರು ಐದನೆಯ ವಾರದಲ್ಲಿ ತರಗತಿಗೆ ಬಂದರೆ, ಆ ವಿಷಯದ ಫಲಿತಾಂಶಕ್ಕೆ ಅವರನ್ನು ಹೊಣೆ ಮಾಡುವುದು ಅನ್ಯಾಯ. ಮೂರರಿಂದ ಐದು ವರ್ಷ ಹಿಂದೆ ಪದವಿ ಪಡೆದ ಆರೇಳು ಮಂದಿಗೆ ಫೋನ್ ಮಾಡಿ, ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಿ ಏನು ಗೊತ್ತಿಲ್ಲದೆ ಕಷ್ಟವಾಯಿತು ಎಂದು ಕೇಳಿ. ವಿಭಾಗ ಮುಖ್ಯಸ್ಥರೊಡನೆ ಮಾತು ಎಲ್ಲಕ್ಕಿಂತ ಕೊನೆಗೆ, ಕಂಡದ್ದನ್ನೆಲ್ಲ ಮುಂದಿಟ್ಟುಕೊಂಡು ಆಗಬೇಕು. ಕಡತಗಳು ನಿಜವಾಗಿ ಉಪಯೋಗಕ್ಕೆ ಬರುವುದು ಈಗ, ಏಕೆಂದರೆ ಏನನ್ನು ಹುಡುಕಬೇಕೆಂಬುದು ಈಗ ನಿಮಗೆ ಗೊತ್ತಿರುತ್ತದೆ.

ಎಂಟನೆಯ ಹಂತ: ವರದಿ

ವರದಿ ಹನ್ನೆರಡು ಪುಟ ಮೀರದಿರಲಿ. ಪ್ರತಿ ಅವಲೋಕನದ ಕೆಳಗೆ ಅದಕ್ಕೆ ಆಧಾರವಾದ ಸಾಕ್ಷ್ಯವನ್ನು ಬರೆಯಿರಿ: ಎಷ್ಟು ಪತ್ರಿಕೆ ಓದಿದಿರಿ, ಎಷ್ಟು ಮಂದಿ ಹೇಳಿದರು, ಯಾವ ನೋಂದಣಿ ಪುಸ್ತಕದಲ್ಲಿ ಕಂಡಿರಿ. ಎಂಟು ಮಂದಿ ವಿದ್ಯಾರ್ಥಿಗಳ ಗುಂಪಿನಲ್ಲಿ ಆಡಿದ ಮಾತನ್ನು ಯಾರು ಆಡಿದರೆಂದು ಸುಲಭವಾಗಿ ಊಹಿಸಬಹುದಾದ್ದರಿಂದ, ಅದನ್ನು ಗುರುತು ಸಿಗದಂತೆ ಬರೆಯುವುದು ಸಮಿತಿಯ ಹೊಣೆ.

ಶಿಫಾರಸುಗಳು ಐದಕ್ಕಿಂತ ಹೆಚ್ಚು ಬೇಡ. ಆರು ಮಂದಿ ಕಾಯಂ ಅಧ್ಯಾಪಕರಿಂದ ಇಪ್ಪತ್ತು ಶಿಫಾರಸು ಜಾರಿಯಾಗುವುದಿಲ್ಲ. ಪ್ರತಿ ಶಿಫಾರಸಿಗೂ ಹೊಣೆ ಹೊರುವ ಅಧಿಕಾರಿ, ತಗಲುವ ಹಣ, ಮುಗಿಯಬೇಕಾದ ತಿಂಗಳು ಇರಲೇಬೇಕು. ವಿಭಾಗ ತಾನೇ ಮಾಡಬಹುದಾದದ್ದನ್ನು, ವಿಶ್ವವಿದ್ಯಾಲಯ ಮಾತ್ರ ಮಾಡಬಹುದಾದದ್ದನ್ನು ಬೇರೆ ಬೇರೆ ಪುಟಗಳಲ್ಲಿ ಬರೆಯಿರಿ. ಪ್ರಶ್ನೆಪತ್ರಿಕೆಯ ಮಟ್ಟ ಏರಿಸುವುದು, ಆಂತರಿಕ ಪತ್ರಿಕೆಗಳನ್ನು ವಾರದೊಳಗೆ ಹಿಂತಿರುಗಿಸುವುದು ವಿಭಾಗದ ಕೆಲಸ. ಖಾಲಿ ಹುದ್ದೆ ತುಂಬುವುದು, ದುರಸ್ತಿಯ ಹಣ ಬಿಡುಗಡೆ ಮಾಡುವುದು, ಅತಿಥಿ ಉಪನ್ಯಾಸಕರ ಆದೇಶವನ್ನು ಸೆಮಿಸ್ಟರಿಗೆ ಮೊದಲೇ ಹೊರಡಿಸುವುದು ಕುಲಸಚಿವರ ಮತ್ತು ಹಣಕಾಸು ಅಧಿಕಾರಿಯ ಕೆಲಸ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದ ವರದಿಗಳಲ್ಲಿ ಎಲ್ಲ ತಪ್ಪೂ ವಿಭಾಗ ಮುಖ್ಯಸ್ಥರ ತಲೆಗೆ ಬಂದು ನಿಲ್ಲುತ್ತದೆ.

ಕರಡನ್ನು ವಿಭಾಗಕ್ಕೆ ಕಳುಹಿಸಿ, ಅಂಕಿಅಂಶಗಳ ತಪ್ಪಿದ್ದರೆ ತಿದ್ದಲು ಹತ್ತು ದಿನ ಕೊಡಿ. ಅಂತಿಮ ವರದಿಯನ್ನು ಅಧ್ಯಯನ ಮಂಡಳಿಯ ಮುಂದಿಡುವಾಗ ಸಮಿತಿಯ ಒಬ್ಬ ಸದಸ್ಯರಾದರೂ ಅಲ್ಲಿರಬೇಕು.

ಆರು ತಿಂಗಳ ನಂತರ ಒಂದು ದಿನದ ಮರುಭೇಟಿ ಇಟ್ಟುಕೊಳ್ಳಿ. ಅಂದು ಸಭೆಯೂ ಬೇಡ, ಪ್ರೆಸೆಂಟೇಷನ್ನೂ ಬೇಡ. ಯಂತ್ರಗಳ ದುರಸ್ತಿ ನೋಂದಣಿ ಪುಸ್ತಕವನ್ನು ತೆರೆದು ಕೊನೆಯ ನಮೂದು ನೋಡಿ, ಈ ಸೆಮಿಸ್ಟರಿನ ಒಂದು ಆಂತರಿಕ ಪರೀಕ್ಷೆಯ ಅಂಚಿನ ಎರಡು ಪತ್ರಿಕೆಗಳನ್ನು ಓದಿ, ಅತಿಥಿ ಉಪನ್ಯಾಸಕರ ಆದೇಶದ ದಿನಾಂಕ ಕೇಳಿ. ಮಣ್ಣಿನ ಯಂತ್ರಶಾಸ್ತ್ರದ ಎದುರು ಎರಡನೆಯ ಹೆಸರು ಬಂದಿದೆಯೇ ಎಂದು ಹಳೆಯ ಕೋಷ್ಟಕವನ್ನು ತೆಗೆದು ನೋಡಿ, ಬಂದಿದ್ದರೆ ಅಲ್ಲೇ ಬರೆದು ದಿನಾಂಕ ಹಾಕಿ.